ಹೊಳೆಯುವ ಅಣುವಿನ ಬೆನ್ನು ಬಿದ್ದ ನಮ್ಮಣ್ಣ

ನಮ್ಮಣ್ಣ ಕುಡುಕನೆಂದು ನನ್ನ ಗಂಡನೂರು ಗೋಗಿಯ ಅರ್ಧ ಜನ ನಂಬಿದ್ದಾರೆ. ಉಳಿದರ್ಧಕ್ಕೆ, ಸಿಟ್ಟು ಬಂದಾಗೆಲ್ಲ, ನಾನೇ ಹೇಳಿಕೊಂಡು ಬಂದಿದ್ದೇನೆ!

ಪಾಪ, ಅವನು ಬಾಯಿಗೆ ಒಂದು ಹನಿ ಹಾಕಿದವನಲ್ಲ. ಯಾದಗಿರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮಾಸ್ತರ. ಆದರೆ ದಿನವಿಡೀ ಸ್ಪಿರಿಟ್ಟಿನ ನಡುವೆ ಇದ್ದು, ಅದೇ ವಾಸನೆ ಹೊತ್ತು ನಮ್ಮನೆಗೆ ಬರಲು ಶಹಾಪುರದಲ್ಲಿ ಆಟೊ ಹತ್ತಿದರೆ ಜನ ಏನೆಂದುಕೊಳ್ಳಬೇಕು? ಒಮ್ಮೆ ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಒತ್ತಿ, "ಹಾಡಹಗಲೇ ಕುಡದೀರೇನ್ರಿ?" ಎಂದಳಂತೆ.

"ಇಲ್ರೀ ಯವ್ವ, ಬರೇ ಸೀಸೆ ತೊಳದೀನಿ."

ಆಕೆ ಅಲ್ಲೇ ಇಳಿದು ಬೇರೆ ಆಟೊ ಹಿಡಿದಳಂತೆ!

ಅವನ ಹುಚ್ಚು ಇಷ್ಟೇ. ಆಲ್ಕೋಹಾಲಿನ ಮನೆತನದಲ್ಲಿ ಜನ ಕುಡಿಯುವ ಎಥನಾಲ್ ಒಬ್ಬ, ಕಳ್ಳಸಾರಾಯಿಯಲ್ಲಿ ಬೆರೆತು ಬರುವ ಮೆಥನಾಲ್ ಇನ್ನೊಬ್ಬ. ಎರಡನೆಯವನು ಕಣ್ಣು ಕಳೆಯುವವನು, ಜೀವ ತೆಗೆಯುವವನು. ನೋಡಲು ಮಾತ್ರ ಇಬ್ಬರೂ ನೀರಿನಷ್ಟು ತಿಳಿ. ನೇರಳೆ ಬೆಳಕು ಬಿಟ್ಟಾಗ ಒಂದರಲ್ಲಿ ಹಳದಿಯಾಗಿ, ಇನ್ನೊಂದರಲ್ಲಿ ಕೆಂಪಾಗಿ ಹೊಳೆಯುವ ಅಣುವೊಂದನ್ನು ಕಟ್ಟಬೇಕು. ಅದರ ಒಂದು ಹನಿ ಬಿದ್ದರೆ ವಿಷ ತಾನೇ ಬಾಯಿ ಬಿಡಬೇಕು! ಇದು ಅವನ ಜೀವನದ ಆಸೆ.

ನಮ್ಮ ಮನೆಗೆ ಬಂದರೂ ಸುಮ್ಮನಿರುವವನಲ್ಲ. ಒಮ್ಮೆ ನನ್ನ ಮಸಾಲೆ ಡಬ್ಬಿಯ ಅರಿಶಿಣ ಕದ್ದು, ಸ್ಪಿರಿಟ್ಟಿನಲ್ಲಿ ಕದಡಿ, ಕದ ಮುಚ್ಚಿ, ನೇರಳೆ ಬ್ಯಾಟರಿ ಹಚ್ಚಿದ. ಸೀಸೆ ಹಸಿರಾಗಿ ಮಿಂಚಿತು! ನೀರು ಸುರಿದ. ಮಂಕಾಯಿತು. ನಮ್ಮ ಅತ್ತೆ ಗಲ್ಲದ ಮೇಲೆ ಕೈಯಿಟ್ಟು, "ಚಂದ ಹೊಳೀತಿತ್ತು, ನೀರು ಹಾಕಿ ಕೆಡಿಸಿದಿ. ಇದಕ್ಕ ಸರಕಾರ ಪಗಾರ ಕೊಡ್ತದೇನಪಾ?" ಎಂದರು.

"ಯಾಕ ಕೆಡ್ತು ಅಂತ ಹೇಳಿದರ ಕೊಡ್ತದ, ಅತ್ತಿ."

ಇದೆಲ್ಲ ನಗುವ ಮಾತಾಯಿತು. ನಾಗರಪಂಚಮಿಯ ಮಾತು ಹಾಗಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ತಾನಾಗಿ ಹೋಗುವುದು ಮರ್ಯಾದೆಯಲ್ಲ. ಅಪ್ಪ, ಅವ್ವ ಹೋದರು. ನಾವು ಹುಟ್ಟಿದ ದೇವಾಪುರದ ಮನೆ ಕಾಕಾನ ಪಾಲಾಯಿತು. ತವರು ಎಂದರೆ ನನಗೀಗ ಈ ಒಬ್ಬ ಬ್ರಹ್ಮಚಾರಿ! ಮೂರು ವರ್ಷ ಹಬ್ಬದ ಎಳ್ಳು, ಶೇಂಗಾದ ಉಂಡಿ ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. "ನಿಮ್ಮಣ್ಣ ಬಂದಾನೇನವಾ?" ಎಂದು ಓಣಿಯೆಲ್ಲ ಕೇಳಿತು. ಬಂದದ್ದು ಅವನ ಫೋನು.

"ಅಣುವಿಗೆ ಹೊಸಾ ಬಾಲ ಹಚ್ಚೀನಿ, ತಂಗೆವ್ವ. ಕುದಿಯಾಕತ್ತದ. ಬಿಟ್ಟು ಹ್ಯಾಂಗ ಬರಲಿ?"

"ಆ ಬಾಲ ನಿನಗs ಹಚ್ಚಬೇಕಿತ್ತು!"

ಬಾಲವೆಂದರೆ ಅಣುವಿನ ತುದಿಗೆ ಜೋಡಿಸುವ ತುಣುಕಂತೆ; ಅದು ಬದಲಾದರೆ ಹೊಳಪೂ ಬದಲಾಗುತ್ತದಂತೆ. ಎಷ್ಟು ಬಾಲ ಬದಲಿಸಿದನೋ! ಒಂದೊಂದಕ್ಕೂ ನಾನು ರೊಟ್ಟಿ ಬಡಿಯುತ್ತ ಬಾಯಿತುಂಬ ಶಾಪ ಹಾಕಿದ್ದೇನೆ.

ಈ ವರ್ಷ ಬಂದ. ಹಬ್ಬ ಮುಗಿದು, ಓಣಿಯವರು ಜೋಕಾಲಿ ಬಿಚ್ಚಿದ ಮೂರನೆಯ ದಿನ!

"ನಡಿ, ತವರಿಗೆ."

"ಯಾವ ತವರೋ?"

ಯಾದಗಿರಿಗೆ ಕರೆದೊಯ್ದು, ಕಾಲೇಜಿನ ಹಿಂದಿನ ತನ್ನ ಪ್ರಯೋಗದ ಕೋಣೆಯಲ್ಲಿ ಸ್ಟೂಲಿಗೆ ಹೊಸ ಟವೆಲ್ ಹಾಸಿ ಕೂರಿಸಿದ. ಯಾರ ಕೈಯಲ್ಲಿ ಹುರಿಸಿದ್ದನೋ, ತಟ್ಟೆ ತುಂಬ ಪಂಚಮಿಯ ಜೋಳದ ಅಳ್ಳು ಮುಂದಿಟ್ಟ. ಆಮೇಲೆ ಕಿಟಕಿ ಮುಚ್ಚಿ, ಒಂದರಲ್ಲಿ ಎಥನಾಲ್, ಇನ್ನೊಂದರಲ್ಲಿ ಮೆಥನಾಲ್ ಇದ್ದ ಎರಡು ಸೀಸೆಗಳಿಗೆ ತನ್ನ ಅಣುವಿನ ಹನಿ ಹಾಕಿ, ನೇರಳೆ ಬೆಳಕು ಬಿಟ್ಟ. ಎರಡೂ ಹಳದಿಯಾಗಿ ಹೊಳೆದವು.

"ಎರಡೂ ಒಂದೇ ನಮೂನಿ ಅವಲ್ಲೋ?"

"ಹೂಂ. ಈ ಬಾಲಾನೂ ಸೋತಿತು. ಅದಕ್ಕs ಬರಾಕ ಪುರಸೊತ್ತು ಸಿಕ್ತು."

ನಗಲು ನೋಡಿದ. ಆ ಬೆಳಕಿನಲ್ಲಿ ಅವನ ಗಡ್ಡ ಅಷ್ಟೊಂದು ಬೆಳ್ಳಗಾದದ್ದು ಮೊದಲ ಸಲ ಕಂಡೆ.

"ಸಾಕಿನ್ನ, ಬಿಡ್ತೀನಿ, ತಂಗೆವ್ವ. ಮುಂದ ವರ್ಷಾವರ್ಷಾ ಪಂಚಮಿಗೆ ಬರ್ತೀನಿ."

ಈ ಒಂದು ಮಾತಿಗಾಗಿಯೇ ಅಲ್ಲವೇ ನಾನು ಕಾದದ್ದು? ಹೂಂ ಎಂದಿದ್ದರೆ ಆಗುತ್ತಿತ್ತು. ಸೀಸೆಗಳನ್ನು ಮತ್ತೊಮ್ಮೆ ನೋಡಿದೆ. ಯಾವುದು ವಿಷವೆಂದು ಗೊತ್ತಾಗಲಿಲ್ಲ.

"ಇನ್ನೊಂದು ಬಾಲ ಹಚ್ಚಿ ನೋಡೋ, ಅಣ್ಣಾ," ಎಂದೆ. "ಪಂಚಮಿಗೆ ನಾನs ಬಸ್ ಹತ್ತಿ ಬರ್ತೀನಿ."