ಕುಂಟಲಡ್ಕದ ನೀರಿನ ಟ್ಯಾಂಕಿಗೆ ದೋಹಾದಿಂದ ಆಕ್ಷೇಪಣೆ

ಗೆ,
ಶ್ರೀಮತಿ ಪ್ರೇಮಾವತಿಯವರು, ಅಧ್ಯಕ್ಷರು, ಕುಂಟಲಡ್ಕ ಗ್ರಾಮ ಪಂಚಾಯತ್

ಇವರಿಂದ,
ಯಜ್ಞೇಶ್, ಸ್ಥಾಪಕಾಧ್ಯಕ್ಷ, ಕುಂಟಲಡ್ಕ ಗ್ರಾಮ ಹಿತಚಿಂತನಾ ವೇದಿಕೆ, ಕತಾರ್ ಘಟಕ

ಮಾನ್ಯರೇ,

ತಮಗೂ, ತಮ್ಮ ಸಮಸ್ತ ಸದಸ್ಯರಿಗೂ, ಪಿಡಿಒ ಸಾಹೇಬರಿಗೂ, ಪಂಚಾಯತ್ ಜಗಲಿಯಲ್ಲಿ ಊರಿನ ಯಾರು ದಾಟಿ ಹೋದರೂ ಕಣ್ಣು ಬಿಡದೆ ಮಲಗಿದ್ದು ನನ್ನನ್ನು ಕಂಡಾಗ ಮಾತ್ರ ಎದ್ದು ನಿಂತು ಬೊಗಳುವ ಆ ಕಂದು ನಾಯಿಗೂ ಮರುಭೂಮಿಯಿಂದ ಸಾವಿರ ವಂದನೆಗಳು. ತಾವೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು, ಊರಿನ ವಾಟ್ಸಾಪ್ ಗುಂಪಿನ ಮೂಲಕ ತಮ್ಮ ಕ್ಷೇಮವನ್ನು ದಿನಕ್ಕೆ ಮೂರು ಹೊತ್ತು ಪರಿಶೀಲಿಸುವುದೇ ನನ್ನ ಮುಖ್ಯ ಉದ್ಯೋಗ, ದೋಹಾದ ಮುಶೈರಿಬ್‌ನ ಆಫೀಸಿನಲ್ಲಿ ಮಾಡುವ ಕೆಲಸ ಅದರ ನಡುವಿನ ವಿರಾಮ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹಿಂದಿನ ಪತ್ರಗಳನ್ನು ತಮ್ಮ ಹೆಸರಿಗೇ ಗೌಪ್ಯವಾಗಿ ಬರೆದಿದ್ದೆ, ಆ ಗೌಪ್ಯತೆಯನ್ನು ತಾವು ಎಷ್ಟು ಚೆನ್ನಾಗಿ ಕಾಪಾಡಿದಿರೆಂದರೆ ತಾವೂ ಓದಲಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ಒಂದು ವರ್ಷದಲ್ಲಿ ತಮ್ಮ ಪಂಚಾಯತು, ನನ್ನ ವೇದಿಕೆಯ ಲಿಖಿತ, ಮೌಖಿಕ ಮತ್ತು ಧ್ವನಿಮುದ್ರಿತ ಆಕ್ಷೇಪಣೆಗಳ ನಡುವೆಯೂ, ಗುಡ್ಡೆಯ ಮೇಲಿನ ಹದಿನಾಲ್ಕು ಮನೆಗಳಿಗೆ ಕುಡಿಯುವ ನೀರು ಕೊಡುವ ಓವರ್‌ಹೆಡ್ ಟ್ಯಾಂಕ್ ಒಂದನ್ನು, ನನ್ನ ಜಾಗದ ಅತಿ ಎತ್ತರದ ಮೂಲೆಯಲ್ಲಿ ಕಟ್ಟಿ ಮುಗಿಸಿದೆ. ಆ ಹದಿನಾಲ್ಕರಲ್ಲಿ ನನ್ನದೂ ಒಂದು ಮನೆ, ಅದರಲ್ಲಿ ನನ್ನ ಹೆಂಡತಿ ಅಶ್ವಿತಾ ಮತ್ತು ಮಗಳು ಅಕ್ಷಯಾ ವಾಸವಾಗಿದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಕ್ಷೇಪಣೆ ಬರೆಯುವ ಕಾಲಕ್ಕೆ ನನಗೆ ಅದು ನೆನಪಿದ್ದಂತೆ ಕಾಣುವುದಿಲ್ಲ.

ನಮ್ಮ ವೇದಿಕೆಯ ಪರಿಚಯ ತಮಗಿರಲಿಕ್ಕಿಲ್ಲ. ಇಲ್ಲಿಯ ಅಲ್ ಮನ್ಸೂರಾ ಬಡಾವಣೆಯ ಒಂದು ಹೋಟೆಲಿನಲ್ಲಿ ಶುಕ್ರವಾರ ಬೆಳಿಗ್ಗೆ ಗೋಳಿಬಜೆ ಸಿಗುತ್ತದೆ, ಆ ಕಾರಣಕ್ಕೆ ಅಲ್ಲಿಯೇ ವೇದಿಕೆಯ ಸಭೆಯೂ ಸೇರುತ್ತದೆ. ಸದಸ್ಯರು ಮೂವರು: ನಾನು, ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟು ಇಲ್ಲೇ ಮುದುಕರಾದ ನಮ್ಮೂರಿನ ಪೊಡಿಯಬ್ಬ ಬ್ಯಾರಿಗಳು, ಮತ್ತು ಅವರ ಅಂಗಡಿಯ ವ್ಯಾನ್ ಓಡಿಸುವ ಸಫ್ವಾನ್. ನಾನು ಅಧ್ಯಕ್ಷನಾಗಿ ಅವಿರೋಧವಾಗಿ ಆಯ್ಕೆಯಾದೆ, ಉಳಿದಿಬ್ಬರ ಬಾಯಲ್ಲಿ ಆಗ ಗೋಳಿಬಜೆ ಇತ್ತು. ತಾವು ಅಲ್ಲಿ ಮೀಸಲಾತಿಯಲ್ಲಿ ಬಂದವರೆಂದು ಮಾತಾಡುವ ಜನರಿದ್ದಾರಂತೆ, ನನ್ನ ಆಯ್ಕೆಯ ಕ್ರಮ ಕೇಳಿದರೆ ಅವರೂ ಸುಮ್ಮನಾಗುತ್ತಾರೆ.

ಜುಲೈ ತಿಂಗಳ ಗ್ರಾಮಸಭೆ ತಮಗೆ ನೆನಪಿರಬಹುದು. ನನ್ನ ಕಂಪನಿಯವರು ಇಲ್ಲಿಯ ಬೇಸಗೆಯಲ್ಲಿ ಕೆಲಸ ಕಮ್ಮಿ ಎಂದು ನಮ್ಮನ್ನೆಲ್ಲ ಜುಲೈಯಲ್ಲೇ ಊರಿಗೆ ಅಟ್ಟುವುದರಿಂದ, ಹನ್ನೊಂದು ವರ್ಷಗಳಿಂದ ನಾನು ಕಂಡಿರುವ ಕುಂಟಲಡ್ಕವೆಂದರೆ ಅಂಗಳದಲ್ಲಿ ಜಾರುವ ಹಾವಸೆ, ರಸ್ತೆಯ ಎರಡೂ ಬದಿ ಹರಿಯುವ ತೋಡು, ಬಗ್ಗಿದರೆ ಕೈಗೆ ಸಿಗುವ ಬಾವಿಯ ನೀರು. ತಾವು ವಾಡಿಕೆಯಂತೆ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಎರಡು ಮಾತಾಡಲು ಹೇಳಿದಿರಿ. ನಾನು ಎರಡು ಬಿಟ್ಟು ಬಾಕಿ ಎಲ್ಲ ಮಾತಾಡಿದೆ. ದೇವರು ಕೊಟ್ಟ ನೀರು ಅಂಗಳದಲ್ಲಿ ಹರಿದು ಪೋಲಾಗುತ್ತಿರುವಾಗ ಆಕಾಶದಲ್ಲಿ ತೊಟ್ಟಿ ಕಟ್ಟುವುದು ಅವಿವೇಕವೆಂದೂ, ಬದಲಿಗೆ ಊರಿನ ತಿರುವಿನಲ್ಲಿ ಒಂದು ಸ್ವಾಗತ ಕಮಾನು ಕಟ್ಟಿದರೆ ಬರುವವರಿಗೆ ಸಂತೋಷವಾದೀತೆಂದೂ ಹೇಳಿದೆ. ಸಭಿಕರ ಕೊಡೆಗಳಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿದ್ದದ್ದು ನನ್ನ ವಾದಕ್ಕೆ ಸಾಕ್ಷಿಯಾಗಿತ್ತು. ಯಾರೂ ಎದುರು ಮಾತಾಡಲಿಲ್ಲ, ಅದನ್ನು ನಾನು ಸರ್ವಾನುಮತವೆಂದು ತಿಳಿದೆ. ಶಾಲು ಹೊದಿಸಿಕೊಂಡವನ ಮಾತಿಗೆ ಅಡ್ಡ ಮಾತಾಡುವುದು ನಮ್ಮೂರಿನ ಕ್ರಮವಲ್ಲ ಎಂಬುದನ್ನು ತಾವಾದರೂ ಕಿವಿಯಲ್ಲಿ ಹೇಳಬಹುದಿತ್ತು.

ದೋಹಾಕ್ಕೆ ಮರಳಿದ ಮೇಲೆ ಟ್ಯಾಂಕಿನ ಕಡತ ಇನ್ನೂ ಜೀವಂತವಿದೆಯೆಂದು ಸಫ್ವಾನ್ ಸುದ್ದಿ ತಂದ. ಆಗ ಶುರುವಾಯಿತು ನನ್ನ ಪತ್ರ ವ್ಯವಹಾರ. ಟ್ಯಾಂಕಿನ ನೆರಳು ಮುಂದೆ ಕಟ್ಟಲಿರುವ ನನ್ನ ತಾರಸಿ ಮನೆಯ ಪೋರ್ಟಿಕೋ ಮೇಲೆ ಬೀಳುತ್ತದೆಂದು ಒಂದು ಪತ್ರ, ಟ್ಯಾಂಕು ನೈಋತ್ಯಕ್ಕೆ ಇದ್ದರೆ ಮಾತ್ರ ಶುಭವೆಂದು ಇನ್ನೊಂದು, ಅದು ನೈಋತ್ಯದಲ್ಲೇ ಇದೆಯೆಂದು ಪಿಡಿಒ ಸಾಹೇಬರು ತಿಳಿಸಿದ ಮೇಲೆ ವಾಸ್ತುವೆಲ್ಲ ಮೂಢನಂಬಿಕೆಯೆಂದು ಮಗದೊಂದು. ಟ್ಯಾಂಕಿಗೆ ಮಂಗ ಬಿದ್ದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನೂ ಎತ್ತಿದ್ದೆ. ಇಷ್ಟೆಲ್ಲ ಬರೆಯುತ್ತಿದ್ದದ್ದು ಎಲ್ಲಿ ಕುಳಿತು ಎಂದರೆ, ಒಂದು ನದಿಯೂ ಇಲ್ಲದ, ಮಳೆಯೆಂದರೆ ಮಕ್ಕಳು ಫೋಟೋ ತೆಗೆಯಲು ಓಡುವ ಈ ನಗರದಲ್ಲಿ, ನನ್ನ ನೆನಪಿನಲ್ಲಿ ಒಂದು ದಿನವೂ ನೀರು ನಿಲ್ಲದ ನಳ್ಳಿಯ ಪಕ್ಕದ ಕೋಣೆಯಲ್ಲಿ.

ನವೆಂಬರಿನಲ್ಲಿ ತಾವು ವಿಶೇಷ ಗ್ರಾಮಸಭೆ ಕರೆದು, ನನ್ನ ಒತ್ತಾಯಕ್ಕೆ ಮಣಿದು, ಪಿಡಿಒ ಸಾಹೇಬರ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನನ್ನನ್ನು ವಿಡಿಯೋದಲ್ಲಿ ಕೂರಿಸಿದ್ದಕ್ಕೆ ಋಣಿಯಾಗಿದ್ದೇನೆ. ನನ್ನ ಭಾಷಣದ ಅತಿ ಮುಖ್ಯ ಘಟ್ಟದಲ್ಲಿ ಚಿತ್ರ ಸಿಕ್ಕಿಕೊಂಡು, ನಾನು ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಟ್ಟೆನಂತೆ. ಆಗ ತಾವು ಹೇಳಿದ ಮಾತು ನನಗೆ ಇಲ್ಲಿ ಸ್ಪಷ್ಟವಾಗಿ ಕೇಳಿಸಿತು: "ಯಜ್ಞೇಶಣ್ಣನ ಬಾಯಿ ತೆರೆದೇ ಉಂಟು. ಅದು ಮುಚ್ಚುವವರೆಗೆ ಕಾದರೆ ಬೇಸಗೆ ಬರ್ತದೆ. ಟ್ಯಾಂಕ್ ಬೇಕೆನ್ನುವವರು ಕೈ ಎತ್ತಿ." ಕೈಗಳು ಎದ್ದವು. ಎರಡನೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಎದ್ದ ಕೈಯಲ್ಲಿದ್ದ ಬಳೆಗಳನ್ನು ನಾನು ಗುರುತಿಸಿದೆ. ಅವನ್ನು ಇಲ್ಲಿಯ ಸೂಕ್ ಪೇಟೆಯಲ್ಲಿ ಆರಿಸಿದವನು ನಾನೇ.

ಆ ಸಂಜೆ ಅಶ್ವಿತಾಳಿಗೆ ಫೋನ್ ಮಾಡಿ, ಜಾಗದ ಒಡೆಯನ ಒಪ್ಪಿಗೆ ಇಲ್ಲದೆ ಒಂದು ಕಲ್ಲೂ ಇಡಲಾಗದೆಂದು ಕಾನೂನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಜಾಗ ನನ್ನ ಹೆಸರಲ್ಲಿ ಉಂಟಲ್ಲ, ಒಪ್ಪಿಗೆ ಪತ್ರಕ್ಕೆ ನಾನೇ ಸೈನ್ ಹಾಕಿದೆ. ನಿಮ್ಮನ್ನು ಕೇಳಿದ್ರೆ ನೀವು ಮೀಟಿಂಗ್ ಕರೀತೀರಿ."

ಅಧ್ಯಕ್ಷರೇ, ಹೆಂಡತಿಯ ಹೆಸರಿಗೆ ಜಾಗ ಮಾಡಿಸುವುದು ನಮ್ಮಂಥ ಗಲ್ಫಿನವರ ಹಳೆಯ ಪದ್ಧತಿ. ಮಾಡಿಸಿದ ಮೇಲೆ ಮನ್ಸೂರಾ ಪೂರ್ತಿ ಹೇಳಿಕೊಂಡು ತಿರುಗುವುದು, ತಿರುಗಿ ಮುಗಿದ ಮೇಲೆ ಮರೆತು ಮತ್ತೆ 'ನನ್ನ ಜಾಗ, ನನ್ನ ಜಾಗ' ಎನ್ನುವುದು ಕೂಡ ಪದ್ಧತಿಯ ಭಾಗವೇ. ಅವಳು ಹೇಳಿದಂತೆಯೇ ನಾನು ಮೀಟಿಂಗ್ ಕರೆದೆ. ಜಾಗದ ಮಾಲೀಕರ ವಿರುದ್ಧ ಖಂಡನಾ ನಿರ್ಣಯ ಮಂಡಿಸಿದೆ, ಅನುಮೋದಿಸಲು ಯಾರೂ ಮುಂದೆ ಬರಲಿಲ್ಲ. ಖಲಾಸ್ ಯಜ್ಞೇಶ್, ಇನ್ನು ನಿನ್ನ ವೇದಿಕೆಯಲ್ಲಿ ಉಳಿದಿರುವುದು ಗೋಳಿಬಜೆ ಒಂದೇ ಎಂದು ಪೊಡಿಯಬ್ಬ ಬ್ಯಾರಿಗಳು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಪ್ರತಿಭಟಿಸಿ ನಾನು ರಾಜೀನಾಮೆ ಕೊಟ್ಟೆ, ಅದನ್ನು ಅಂಗೀಕರಿಸುವ ಅಧಿಕಾರ ಅಧ್ಯಕ್ಷನಿಗೆ ಮಾತ್ರ ಇದ್ದುದರಿಂದ ತಿರಸ್ಕರಿಸಿದೆ.

ಜನವರಿಯಲ್ಲಿ ಕಂಬಗಳು ಎದ್ದವು. ನಾನು ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ಬಿರುಕು ಹುಡುಕಿದೆ, ಸಿಗಲಿಲ್ಲ, ಆ ಬೇಸರದಲ್ಲಿ ಕೆಲವು ದಿನ ಊಟ ರುಚಿಸಲಿಲ್ಲ. ಕೊನೆಗೆ ಈದ್ ರಜೆಗೆ ವಾರದ ಮಟ್ಟಿಗೆ ಊರಿಗೆ ಹೊರಟೆ. ಕೆಲಸ ನಿಲ್ಲಿಸುವುದು, ನಿಲ್ಲಿಸಲಾಗದಿದ್ದರೆ ಉದ್ಘಾಟಿಸುವುದು ನನ್ನ ಗುರಿಯಾಗಿತ್ತು. ಗರಿ ಮುರಿಯದ ರೇಷ್ಮೆ ಅಂಗಿಯೊಂದನ್ನೂ ಭಾಷಣವನ್ನೂ ಪೆಟ್ಟಿಗೆಯ ಮೇಲ್ಗಡೆ ಇಟ್ಟುಕೊಂಡಿದ್ದೆ.

ಹನ್ನೊಂದು ವರ್ಷಗಳ ಮೇಲೆ ನಾನು ಬೇಸಗೆಯ ಕುಂಟಲಡ್ಕವನ್ನು ಕಂಡೆ. ಇದು ನನ್ನ ದೂರಿನ ತಿರುಳಾದ್ದರಿಂದ ದಯವಿಟ್ಟು ಗಮನವಿಟ್ಟು ಓದಬೇಕು. ನಾನು ಹಾವಸೆಯೆಂದು ತಿಳಿದಿದ್ದ ಅಂಗಳ ಕೆಂಪು ಧೂಳಾಗಿತ್ತು. ಮುರಕಲ್ಲಿನ ಬಾವಿಯ ತಳ ಕಾಣುತ್ತಿತ್ತು, ಯಾವುದೋ ಜುಲೈಯಲ್ಲಿ ನನ್ನ ಕೈಜಾರಿ ಬಿದ್ದ ಪ್ಲಾಸ್ಟಿಕ್ ಬಾಲ್ದಿ ಅಲ್ಲಿ ಒಣಗಿ ಕೂತಿತ್ತು. ನೀರಿಗೆ ಕಷ್ಟವೆಂದು ಅಶ್ವಿತಾ ಒಮ್ಮೆ ಹೇಳಿದ್ದಕ್ಕೆ ನಾನು ದೊಡ್ಡ ಮನಸ್ಸು ಮಾಡಿ ಮನೆಯ ಮಾಡಿನ ಪಕ್ಕ ಇಡಿಸಿಕೊಟ್ಟಿದ್ದ ಸಾವಿರ ಲೀಟರಿನ ಸಿಂಟೆಕ್ಸ್, ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಮಾಡಿತು. ಅದಕ್ಕೆ ನೀರು ಎಲ್ಲಿಂದ ಬರಬೇಕೆಂದು ನಾನು ಯೋಚಿಸಿರಲಿಲ್ಲ, ಅವಳೂ ಮತ್ತೆ ಕೇಳಿರಲಿಲ್ಲ.

ನಾನು ಮನೆ ತಲುಪಿದಾಗ ಬಾಗಿಲಿಗೆ ಬೀಗ ಇತ್ತು. ಗುಡ್ಡೆಯ ಬುಡದ ಸಾರ್ವಜನಿಕ ನಳ್ಳಿಯಿಂದ ಅಶ್ವಿತಾ ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡಪಾನ ಇಟ್ಟುಕೊಂಡು ಹತ್ತಿ ಬರುತ್ತಿದ್ದಳು, ಹಿಂದಿನಿಂದ ಅಕ್ಷಯಾ ಶಾಲೆಯ ಸಮವಸ್ತ್ರದಲ್ಲೇ ಒಂದು ಕ್ಯಾನು ಹಿಡಿದುಕೊಂಡು ಬರುತ್ತಿದ್ದಳು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು, ಆದರೆ ನೀರು ಚೆಲ್ಲುವಷ್ಟಲ್ಲ. ನಾನು ಇಳಿದು ಹೋಗಿ ಕೊಡಪಾನ ಇಸಕೊಂಡು ಹೊತ್ತೆ, ಮೊದಲ ತಿರುವಿಗೆ ಅರ್ಧ ಚೆಲ್ಲಿದೆ. ಅವಳು ಮತ್ತೆ ನಳ್ಳಿಗೆ ಇಳಿದಳು. ನನಗೆ ನಾಚಿಕೆಯಾಯಿತು. ಇಲ್ಲಿಯವರೆಗೆ ಬರೆದದ್ದರಲ್ಲಿ ಅಲಂಕಾರ ಬಹಳ ಇದೆ, ಈ ಒಂದು ವಾಕ್ಯದಲ್ಲಿ ಇಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೇ: ಬೇಸಗೆಯೆಂಬ ಇಷ್ಟು ದೊಡ್ಡ ಸಂಗತಿಯನ್ನು ತಮ್ಮ ಪಂಚಾಯತು ನನ್ನಿಂದ ಹನ್ನೊಂದು ವರ್ಷ ಯಾಕೆ ಮುಚ್ಚಿಟ್ಟಿತು? ಜುಲೈಯಲ್ಲಿ ಊರಿಗೆ ಬರುವ ನನ್ನಂಥವರ ಅನುಕೂಲಕ್ಕಾಗಿ ಒಂದು ವಾರವಾದರೂ ಬಾವಿಗಳನ್ನು ಬತ್ತಿಸಿಡುವ ವ್ಯವಸ್ಥೆ ಮಾಡಬಹುದಿತ್ತಲ್ಲವೇ? ಅಥವಾ ಶಾಲು ಹೊದಿಸುವ ಬದಲು ತಲೆಯ ಮೇಲೊಂದು ತುಂಬಿದ ಕೊಡಪಾನ ಇಟ್ಟು, ಈಗ ಎರಡು ಮಾತಾಡಿ ಎಂದಿದ್ದರೆ ನಾನು ನಿಜವಾಗಿ ಎರಡೇ ಮಾತಾಡುತ್ತಿದ್ದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇವನ್ನು ಸೇರಿಸಬೇಕಾಗಿ ವಿನಂತಿ.

ಇನ್ನು ಉದ್ಘಾಟನೆಯ ವಿಷಯ. ಹಿಂದಿನ ದಿನ ಬೆಳಿಗ್ಗೆ ತಾವೇ ಮನೆಗೆ ಬಂದಿರಿ. ಆಮಂತ್ರಣವೆಂದು ತಿಳಿದು ನಾನು ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಬಂದೆ. ತಾವು ನನ್ನ ಕೈಗೆ ಒಂದು ತೆಂಗಿನ ನಾರಿನ ಬ್ರಷ್ಷನ್ನೂ ಬ್ಲೀಚಿಂಗ್ ಪೌಡರಿನ ಪೊಟ್ಟಣವನ್ನೂ ಕೊಟ್ಟು ಹೇಳಿದಿರಿ, "ಟ್ಯಾಂಕಿನ ಒಳಗೆ ತೊಳೀಲಿಕ್ಕೆ ಜನ ಬೇಕು. ನೀವು ಊರಲ್ಲಿದ್ದೀರಲ್ಲ ಯಜ್ಞೇಶಣ್ಣ." ಹನ್ನೊಂದು ವರ್ಷಗಳಲ್ಲಿ ತಮ್ಮ ಪಂಚಾಯತಿನಿಂದ ನನಗೆ ಸಿಕ್ಕಿದ್ದು ಕುರ್ಚಿ, ಶಾಲು, ಹಣ್ಣಿನ ಬುಟ್ಟಿ. ಕೆಲಸ ಒಮ್ಮೆಯೂ ಸಿಕ್ಕಿರಲಿಲ್ಲ. ನಾನು ಲುಂಗಿ ಮೇಲಕ್ಕೆ ಕಟ್ಟಿ ಕಬ್ಬಿಣದ ಏಣಿ ಹತ್ತಿದೆ. ಒಳಗೆ ಇಳಿದು ಉಜ್ಜುತ್ತಾ ಒಮ್ಮೆ ಕೆಮ್ಮಿದರೆ ಸದ್ದು ನಾಲ್ಕು ಸುತ್ತು ತಿರುಗಿ ಬಂತು. ಇಂಥ ಸಭಾಂಗಣ ಮತ್ತೆ ಸಿಗುವುದಿಲ್ಲವೆಂದು ಭಾಷಣವನ್ನು ಅಲ್ಲಿಯೇ ಪೂರ್ತಿ ಮಾಡಿ ಮುಗಿಸಿದೆ. ಕೆಳಗೆ ನಿಂತವರಿಗೆ ಅದು ಕೇಳಿಸಿತ್ತೆಂದು ಆಮೇಲೆ ತಿಳಿಯಿತು, ಚಪ್ಪಾಳೆ ತಟ್ಟದೆ ಇದ್ದುದಕ್ಕೆ ಅವರಿಗೆ ಕೃತಜ್ಞನಾಗಿದ್ದೇನೆ.

ಮರುದಿನ ವೇದಿಕೆಯಿಲ್ಲ, ರಿಬ್ಬನ್ನಿಲ್ಲ. ಅಶ್ವಿತಾ ವಾಲ್ವ್ ತಿರುಗಿಸಿದಳು, ಅಷ್ಟೇ. ನಾನು ಅಡುಗೆ ಕೋಣೆಯ ನಳ್ಳಿಯ ಎದುರು ಅಕ್ಷಯಾಳ ಜತೆ ನಿಂತಿದ್ದೆ. ನಳ್ಳಿ ಮೊದಲು ಗಾಳಿ ಉಗುಳಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಮಗಳು ಕೈ ಒಡ್ಡಿ ಬಹಳ ಹೊತ್ತು ಹಾಗೆಯೇ ನಿಂತಿದ್ದಳು, ಪೋಲು ಮಾಡಬೇಡ ಎಂದು ಹೇಳಲು ಹೊರಟ ನಾನು ನನ್ನ ಕೈಯನ್ನೂ ಒಡ್ಡಿದೆ.

ಕಮಾನಿನ ಪ್ರಸ್ತಾವವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಬೇಕಿದ್ದರೆ ಅದನ್ನು ಮನ್ಸೂರಾದ ಹೋಟೆಲಿನ ಬಾಗಿಲಿಗೆ ಕಟ್ಟಿಸಬಹುದೆಂದು ಬ್ಯಾರಿಗಳ ಅಭಿಪ್ರಾಯ. ಮುಂದಿನ ವರ್ಷದಿಂದ ನನ್ನ ರಜೆಯನ್ನು ಏಪ್ರಿಲಿಗೆ ಬದಲಿಸಿಕೊಡಲು ಕಂಪನಿಗೆ ಬರೆದಿದ್ದೇನೆ, ಆ ಸೆಕೆಯಲ್ಲಿ ಊರಲ್ಲೇನು ಕೆಲಸವೆಂದು ಮ್ಯಾನೇಜರು ಕೇಳಿದರು, ಟ್ಯಾಂಕ್ ತೊಳೆಯುವುದಿದೆ ಎಂದೆ. ಆ ಕೆಲಸವನ್ನು ತಾವು ಬೇರೆ ಯಾರಿಗಾದರೂ ಕೊಟ್ಟದ್ದು ಕಂಡುಬಂದರೆ ನಾನು ಮತ್ತೆ ಪತ್ರ ಬರೆಯಬೇಕಾದೀತೆಂದು ವಿನಯಪೂರ್ವಕವಾಗಿ ಎಚ್ಚರಿಸುತ್ತೇನೆ.

ತಮ್ಮ ಮೇಲೆ ಬೇಕಾದಷ್ಟು ಸಿಟ್ಟನ್ನೂ ಅದಕ್ಕಿಂತ ಒಂದು ಕೊಡಪಾನ ಹೆಚ್ಚು ವಿಶ್ವಾಸವನ್ನೂ ಇಟ್ಟಿರುವ,
ಯಜ್ಞೇಶ್
(ಜಾಗದ ಮಾಲೀಕರ ಗಂಡ)

ಮರೆತ ಮಾತು: ತಮ್ಮ ಕಡತಗಳಲ್ಲಿ ಮೊಬೈಲ್ ಟವರಿನ ಬಗ್ಗೆ ನಾನು ಕೊಟ್ಟ ಹಳೆಯ ದೂರುಗಳೂ ಇರಬೇಕು. ಪ್ರತಿ ವರ್ಷ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಸಂಜೆ ಹೊತ್ತು ಮನೆಗೆ ಎಷ್ಟು ಫೋನ್ ಮಾಡಿದರೂ ಯಾರೂ ತೆಗೆಯುವುದಿಲ್ಲವೆಂದೂ, ಬಿಸಿಲಿಗೆ ಟವರು ಕೆಟ್ಟು ಸಿಗ್ನಲ್ ಹೋಗುತ್ತಿರಬೇಕೆಂದೂ ಅದರಲ್ಲಿ ಬರೆದಿದ್ದೆ. ನಿನ್ನೆ ಸಂಜೆ ಅಶ್ವಿತಾ ಮೊದಲ ರಿಂಗಿಗೇ ಫೋನ್ ತೆಗೆದಳು. ಈಗ ನೀರಿಗೆ ಹೋಗಲಿಕ್ಕಿಲ್ಲ, ಹಾಗಾಗಿ ಈ ಹೊತ್ತಿಗೆ ಪುರುಸೊತ್ತು ಉಂಟು ಎಂದಳು. ಟವರು ಸರಿಯಿದೆ. ಆ ದೂರುಗಳನ್ನು ದಯವಿಟ್ಟು ಹರಿದುಹಾಕಿ.