ಎರಡನೇ ನಂಬರಿನ ಪಕ್ಕದಲ್ಲಿ ನನ್ನ ಹೆಂಡತಿ

ಇಪ್ಪತ್ತೆಂಟು ವರ್ಷ ಟೀವಿ ರಿಪೇರಿ ಮಾಡಿಯೇ ಹೊಟ್ಟೆ ಹೊರೆದುಕೊಂಡು ಬಂದ ನಾನು ಚಳಿಗಾಲದ ಶುರುವಿನಲ್ಲಿ ಒಂದು ಟೀವಿ ಒಡೆದೆ. ಅದೂ ಗಿರಾಕಿಯದು. ಅದೂ ಚಪ್ಪಲಿಯಿಂದ!

ತಪ್ಪು ನನ್ನದಲ್ಲ. ಅಧ್ಯಕ್ಷ ಚುನಾವಣೆಗೆ ನಿಂತಿರುವ ಎರಡನೇ ನಂಬರಿನ ಅಭ್ಯರ್ಥಿ ಆ ಟೀವಿಯೊಳಗೆ ಬಂದು ಭಾಷಣ ಬಿಗಿಯುತ್ತಿದ್ದ. ನಾನೋ ಹುಟ್ಟಾ ಒಂದನೇ ನಂಬರಿನವನು. ಅಭ್ಯರ್ಥಿಗಳು ನಂಬರಿಗೆ ಚೀಟಿ ಎತ್ತಿದ್ದು ಮೊನ್ನೆ ಮೊನ್ನೆ, ಭಕ್ತಿ ಮಾತ್ರ ತೊಟ್ಟಿಲಿನದು. "ನಾನು ಬಂದರೆ ಎಲ್ಲವೂ ಸರಿಹೋಗುತ್ತದೆ" ಎಂದು ಅವನು ಅನ್ನುವುದಕ್ಕೂ, ನನ್ನ ಬಲಗಾಲಿನ ನೀಲಿ-ಬಿಳಿ ಪ್ಲಾಸ್ಟಿಕ್ ಚಪ್ಪಲಿ ತಾನಾಗಿಯೇ ಎದ್ದು ಹಾರುವುದಕ್ಕೂ ಸರಿಹೋಯಿತು. ಪರದೆ ಮೂಲೆಯಿಂದ ಮೂಲೆಗೆ ಸೀಳಿತು. ಆಸಾಮಿ ಮಾತ್ರ ಸೀಳಿನ ಆಚೆ ಅರ್ಧ, ಈಚೆ ಅರ್ಧ ನಿಂತುಕೊಂಡು ಭಾಷಣ ಮುಂದುವರಿಸಿದ! ಚಪ್ಪಲಿ ಪುಟಿದು, ಅಂಗಡಿ ಮೂಲೆಯಲ್ಲಿ ಕೂತ ನೆಲದೇವರ ಮುಂದೆ, ಎರಡು ಕಿತ್ತಳೆ ಹಣ್ಣಿನ ನಡುವೆ ಮೂರನೇ ನೈವೇದ್ಯದಂತೆ ಬಿತ್ತು.

ಆ ಟೀವಿ ಎದುರುಗಡೆ ಕರಿದ ಕೋಳಿ ಅಂಗಡಿಯ ಸುಂಗ್‌ನದು. ಎರಡನೇ ನಂಬರಿನ ಪರಮಭಕ್ತ.

"ಧಣಿ, ನಾನು ಕೊಟ್ಟಿದ್ದು ಸ್ಪೀಕರ್ ಸರಿ ಮಾಡೋಕೆ" ಅಂದ ಸುಂಗ್, ಬಾಗಿ ಪರದೆ ನೋಡುತ್ತಾ. "ನಮ್ಮೋನಿಗೇನೂ ಆಗಿಲ್ಲ ಬಿಡಿ. ಒಂದು ಗೀರೂ ಬಿದ್ದಿಲ್ಲ."

ನನಗೆ ರೋಷ ಉಕ್ಕಿತು. ರೋಷ ಉಕ್ಕಿದವನು ಏನು ಮಾಡಬಾರದೋ ಅದನ್ನೇ ಮಾಡಿದೆ. ನಮ್ಮ ಕಡೆ ಚುನಾವಣೆ ಬಂತೆಂದರೆ ಜನ ದೇವರ ಮೇಲೆ ಆಣೆಯಿಡುವುದಿಲ್ಲ, ಕರಿದ ಕೋಳಿಯ ಮೇಲೆ ಇಡುತ್ತಾರೆ. ನಡುಬೀದಿಯಲ್ಲಿ ನಿಂತು ಘೋಷಿಸಿಯೇಬಿಟ್ಟೆ: "ಶನಿವಾರ ಮಧ್ಯಾಹ್ನ ಇಬ್ಬರ ಚರ್ಚೆ ಇದೆ. ನನ್ನ ಅಂಗಡಿಯ ದೊಡ್ಡ ಟೀವಿಯಲ್ಲಿ ಇಡೀ ಗಲ್ಲಿಗೆ ತೋರಿಸ್ತೀನಿ. ಎರಡನೇ ನಂಬರಿಗೆ ಅಲ್ಲಿ ಒಂದೇ ಒಂದು ಚಪ್ಪಾಳೆ ಬಿದ್ರೆ ಎಲ್ಲರಿಗೂ ಕರಿದ ಕೋಳಿ, ನೂರು! ನಿನ್ನ ಅಂಗಡಿಯಿಂದಲೇ! ನಾನೇ ನಿಂತು ಹಂಚ್ತೀನಿ, ಎರಡನೇ ನಂಬರಿನ ಟೋಪಿ ಹಾಕ್ಕೊಂಡು!"

"ನಾನು ಹೊಡೆದ್ರೆ?"

"ನಿಂದೂ ನಿನ್ನ ಹೆಂಡ್ತೀದೂ ಲೆಕ್ಕಕ್ಕಿಲ್ಲ!"

ನೋಡಿ, ಕೋಪದಲ್ಲೂ ಎಷ್ಟು ಮುಂದಾಲೋಚನೆ! ಕೀಲುಂಗ್ ಬಂದರಿನ ಈ ಗಲ್ಲಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲ ಒಂದನೇ ನಂಬರಿನವರೇ. ಗೆಲುವು ನನ್ನ ಜೇಬಿನಲ್ಲಿತ್ತು. ಜೇಬು ತೂತಾಗಿದ್ದು ಆಮೇಲೆ ಗೊತ್ತಾಯಿತು.

ಇನ್ನೊಂದು ಹೆಮ್ಮೆಯೂ ಇತ್ತು. ನನ್ನ ಹೆಂಡತಿ ಪೇಯ್‌ರೊಂಗ್ ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ಮಾತು ದಾಟಿಸುವವಳು. ಟೀವಿಯ ಮೂಲೆಯ ಪುಟ್ಟ ವೃತ್ತದಲ್ಲಿ ಕಪ್ಪು ಅಂಗಿ ತೊಟ್ಟು ಕೈಯಾಡಿಸುತ್ತಾರಲ್ಲ, ಅವರು. ಈ ಸಲ ರಾಜಧಾನಿ ತೈಪೆಗೆ ಕರೆ ಬಂದಿದ್ದು ಅಧ್ಯಕ್ಷರ ಚರ್ಚೆಗೇ! "ನಮ್ಮ ಒಂದನೇ ನಂಬರಿಗೆ ನನ್ನ ಹೆಂಡ್ತೀದೇ ಕೈ!" ಎಂದು ಗಲ್ಲಿಗೆಲ್ಲ ಡಂಗುರ ಸಾರಿದ್ದೆ.

ಇಪ್ಪತ್ತಾರು ವರ್ಷ ಸಂಸಾರ ಮಾಡಿ ಅವಳ ಭಾಷೆಯಲ್ಲಿ ನಾನು ಕಲಿತದ್ದು ಎರಡೇ ಸನ್ನೆ. ಒಂದು, ಊಟಕ್ಕೆ ಬಾ. ಇನ್ನೊಂದು, ಸಾಕು ನಿಲ್ಲಿಸು. ಸಂಸಾರಕ್ಕೆ ಇನ್ನೇನು ಬೇಕು? ಹಾಗೆಯೇ ಈ ಇಪ್ಪತ್ತಾರು ವರ್ಷದಲ್ಲಿ ತನ್ನ ವೋಟು ಯಾರಿಗೆಂದು ಅವಳು ಒಮ್ಮೆಯೂ ಬಾಯಿಬಿಟ್ಟಿಲ್ಲ. ಮತಗಟ್ಟೆಯಲ್ಲಿ ಪರದೆ ಐದು ನಿಮಿಷ. ನಮ್ಮ ಮನೆಯಲ್ಲಿ ಅದು ವರ್ಷಪೂರ್ತಿ ಅವಳ ಮುಖದ ಮೇಲೆಯೇ.

ಶನಿವಾರ ಬೆಳಿಗ್ಗೆ ಕೊಡೆ ಹಿಡಿದು ರೈಲಿಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ದೂ ಜಿನ್‌ಫಾ."

ಮನೆತನದ ಹೆಸರು ಸಮೇತ ನನ್ನನ್ನು ಕರೆದಳೆಂದರೆ ಅದು ಎಚ್ಚರಿಕೆ.

"ಏನು?"

"ಚಪ್ಪಲಿ ಹೊರಗಡೆ ಬಿಟ್ಟು ಕೂತ್ಕೋ."

ಕೂತೆ. ಬರಿಗಾಲಲ್ಲಿ, ತಪಸ್ವಿಯ ಹಾಗೆ. ಅಂಗಡಿ ತುಂಬ ಪ್ಲಾಸ್ಟಿಕ್ ಸ್ಟೂಲು, ಸ್ಟೂಲಿನ ತುಂಬ ಜನ. ಎಲ್ಲರ ಕೈಯಲ್ಲೂ ಪ್ರಚಾರದವರು ಹಂಚಿದ ಟಿಶ್ಯೂ ಪೊಟ್ಟಣ. ಮುಂದಿನ ಸಾಲಿನಲ್ಲಿ ತರಕಾರಿ ಮಾರುವ ಲಾನ್ ಅತ್ತೆ. ಅವರ ಪಕ್ಕದಲ್ಲಿ ದರ್ಜಿ ತಾಂಗ್ ಅಜ್ಜ. ಹುಟ್ಟಿದಾಗಿನಿಂದ ಕಿವಿ ಕೇಳದ ಈ ಅಜ್ಜ ಮಧ್ಯಾಹ್ನದ ಹೊತ್ತು ಹೊಲಿಗೆ ಯಂತ್ರ ನಿಲ್ಲಿಸಿದ್ದನ್ನು ನಾನು ಕಂಡದ್ದೇ ಇಲ್ಲ. ಅಂದು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದರು. ಸುಂಗ್ ಇಕ್ಕಳ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ.

ಎರಡು ಗಂಟೆಗೆ ಸರಿಯಾಗಿ ನಮ್ಮ ಒಂದನೇ ನಂಬರು ಶುರು ಮಾಡಿದರು. ಅವರ ಮೂಲೆಯ ವೃತ್ತದಲ್ಲಿ ಯಾರೋ ಸಣಕಲ ಹುಡುಗ, ಸೊಳ್ಳೆ ಓಡಿಸುವವನ ಹಾಗೆ ಕೈ ಬೀಸುತ್ತಿದ್ದಾನೆ!

"ಎಲ್ಲೋ ನಿನ್ನ ಹೆಂಡ್ತಿ?" ಅಂದರು ಲಾನ್ ಅತ್ತೆ.

"ಪಾಳಿ ಅತ್ತೆ, ಪಾಳಿ! ಬರ್ತಾಳೆ."

ಬಂದಳು. ಎರಡನೇ ನಂಬರು ಗಂಟಲು ಸರಿಮಾಡಿಕೊಂಡ. ಅವನ ಭುಜದ ಪಕ್ಕದ ವೃತ್ತ ತೆರೆಯಿತು. ಅಲ್ಲಿ, ಕಪ್ಪು ಅಂಗಿಯಲ್ಲಿ, ಕೂದಲು ಬಿಗಿದು ಕಟ್ಟಿ, ನನ್ನ ಧರ್ಮಪತ್ನಿ!

ನನ್ನ ಎರಡೂ ಕೈಗಳು ಹಿಗ್ಗಿನಿಂದ ಮೇಲೆದ್ದವು. ಅಂಗೈಗಳ ನಡುವೆ ನಾಲ್ಕು ಬೆರಳು ಜಾಗ ಉಳಿದಿದ್ದಾಗ ಸುಂಗ್‌ನ ಹಲ್ಲು ಕಾಣಿಸಿತು. ಕೈಗಳನ್ನು ಹಿಡಿದು ಎಳೆದು, ಅವುಗಳ ಮೇಲೆಯೇ ಕೂತುಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡನೇ ನಂಬರು ಮಾತಾಡುವುದು ಹವಾಮಾನ ವರದಿ ಓದಿದ ಹಾಗೆ. "ವೃದ್ಧರ ಆರೈಕೆಗೆ ಸಮಗ್ರ ಯೋಜನೆ" ಅಂತ ಅವನು ಒಣಗಿದ ಮೀನಿನ ಹಾಗೆ ಅಂದ. ಅಷ್ಟನ್ನೇ ಪೇಯ್‌ರೊಂಗ್ ಹೇಳಿದಳು ನೋಡಿ! ಅವಳ ಕೈಯಲ್ಲಿ ಮುದುಕಿಯೊಬ್ಬಳು ಬೆನ್ನು ಬಾಗಿಸಿ ನಿಂತಳು. ಯಾರೋ ಬಂದು ಆಕೆಯ ಮೊಣಕೈ ಹಿಡಿದುಕೊಂಡರು. ಹುಬ್ಬು, ಭುಜ, ಬೆರಳತುದಿ, ಎಲ್ಲವೂ ಮಾತಾಡುತ್ತಿದ್ದವು. ಲಾನ್ ಅತ್ತೆ ಒಂದನೇ ನಂಬರಿನ ಟಿಶ್ಯೂ ಪೊಟ್ಟಣ ಹರಿದು ಎರಡನೇ ನಂಬರಿನ ಭಾಷಣಕ್ಕೆ ಕಣ್ಣು ಒರೆಸಿಕೊಂಡರು.

"ಅಯ್ಯೋ ಪಾಪ, ಆ ಮುದುಕಿ!"

"ಯಾವ ಮುದುಕಿ ಅತ್ತೆ? ಅವನು ಬರೀ ಯೋಜನೆ ಅಂದ!"

"ನಿನ್ನ ಹೆಂಡ್ತಿ ಹೇಳಿದ್ಳಲ್ಲೋ. ಸುಮ್ನಿರು, ಕೇಳಿಸ್ತಿಲ್ಲ."

ಕಿವಿ ಕೇಳುವವರೂ ನನ್ನ ಹೆಂಡತಿಯ ಕೈಯನ್ನೇ ಕೇಳತೊಡಗಿದ್ದರು! ಒಂದನೇ ನಂಬರಿನ ಸರದಿ ಬಂದಾಗ ಆಕಳಿಸುತ್ತಾರೆ. ಎರಡನೇ ನಂಬರು ಬಂದೊಡನೆ ಸ್ಟೂಲು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ನನ್ನ ಅನ್ನ ಉಂಡ, ಅಂದರೆ ನಾನು ಅವಳು ಬೇಯಿಸಿದ ಅನ್ನ ಉಂಡ ಇಪ್ಪತ್ತಾರು ವರ್ಷದ ಸಂಬಂಧ! "ನಿಧಾನ ಮಾರಾಯ್ತಿ, ಸ್ವಲ್ಪ ಕೆಟ್ಟದಾಗಿ ಮಾಡು!" ಎಂದು ಟೀವಿಗೆ ಪಿಸುಗುಟ್ಟಿದೆ. ಅವಳು ಇನ್ನೂ ಚೆನ್ನಾಗಿ ಮಾಡಿದಳು.

ಕೊನೆಯ ಮಾತಿನ ಸರದಿ. ಒಂದನೇ ನಂಬರು ಮುಗಿಸಿಯಾಗಿತ್ತು, ಎರಡನೇ ನಂಬರು ಎದ್ದು ನಿಂತ. ಗಲ್ಲಿಯ ಅಂಗೈಗಳು ತುರಿಸುವುದು ನನಗೆ ಕಾಣುತ್ತಿತ್ತು. ಆಗ ಮೇಜಿನ ಮೇಲೆ ನಮ್ಮ ಪಕ್ಷದ ದುಂಡನೆಯ ಸ್ಟಿಕ್ಕರು ಕಣ್ಣಿಗೆ ಬಿತ್ತು. ದೊಡ್ಡದಾಗಿ "೧". ಅಳತೆ ತೆಗೆದು ಮಾಡಿಸಿದ ಹಾಗೆ ಆ ವೃತ್ತದಷ್ಟೇ ಅಗಲ!

"ಪರದೆಯಲ್ಲಿ ಏನೋ ತೊಂದರೆ" ಎಂದು ತಂತ್ರಜ್ಞನ ಗತ್ತಿನಲ್ಲಿ ಎದ್ದು ಹೋಗಿ, ನನ್ನ ಹೆಂಡತಿಯ ಮೇಲೆ ಅದನ್ನು ಅಂಟಿಸಿಬಿಟ್ಟೆ.

ಬೆನ್ನಿಗೆ ಫಟ್ಟೆಂದು ಏನೋ ಬಡಿಯಿತು. ತಿರುಗಿದರೆ ಕಾಲಬುಡದಲ್ಲಿ ನೀಲಿ-ಬಿಳಿ ಚಪ್ಪಲಿ. ನನ್ನದಲ್ಲ. ತಾಂಗ್ ಅಜ್ಜ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಬರುತ್ತಿದ್ದರು. ಇಡೀ ಅಂಗಡಿಯಲ್ಲಿ ಆ ವೃತ್ತವೊಂದೇ ಅವರ ಕಿವಿ ಎಂಬುದು ಆಗ, ಆ ಏಟು ಬಿದ್ದ ಮೇಲೆ, ನನಗೆ ಹೊಳೆಯಿತು. ಹಳೇ ಹೊಲಿಗೆ ಬಿಚ್ಚುವ ಹಾಗೆ ಉಗುರಿನ ತುದಿಯಿಂದ ಸ್ಟಿಕ್ಕರಿನ ಅಂಚು ಎಬ್ಬಿಸಿ, ಹರಿಯದಂತೆ ಬಿಡಿಸಿ, ನೀಟಾಗಿ ನನ್ನ ಬಾಯಿಯ ಮೇಲೆ ಅಂಟಿಸಿದರು.

ಅದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ. ಗಲ್ಲಿ ಬಿದ್ದು ಬಿದ್ದು ನಕ್ಕಿತು. ನಾನು ಹೋಗಿ ಮತ್ತೆ ಕೈಗಳ ಮೇಲೆ ಕೂತೆ.

ಎರಡನೇ ನಂಬರು ಮುಗಿಸಿದ. ಪೇಯ್‌ರೊಂಗ್ ಕೈ ಇಳಿಸಿದಳು. ತಾಂಗ್ ಅಜ್ಜ ಎದ್ದು ನಿಂತು ಎರಡೂ ಕೈ ಮೇಲೆತ್ತಿ, ಗಾಳಿಗೆ ಸಿಕ್ಕ ಎಲೆಗಳ ಹಾಗೆ ಪಟಪಟ ಅಲ್ಲಾಡಿಸಿದರು. ವಯಸ್ಸಾದವರು, ಅವಸರವಿರಬೇಕೆಂದುಕೊಂಡು ನಾನು ಗದ್ದ ಚಾಚಿ ಹಿಂದುಗಡೆಯ ಶೌಚಾಲಯ ತೋರಿಸಿದೆ.

"ಚಪ್ಪಾಳೆ!" ಎಂದು ಸುಂಗ್ ಇಕ್ಕಳ ಕುಟ್ಟಿದ. "ಅದು ಅವರ ಚಪ್ಪಾಳೆ! ಬಿತ್ತು! ನೂರು ಕೋಳಿ!"

ಬಾಯಿಯನ್ನು ಭುಜಕ್ಕೆ ಉಜ್ಜಿ ಸ್ಟಿಕ್ಕರು ಕಿತ್ತೆ. ಅರ್ಧ ಮೀಸೆ ಅದರ ಜೊತೆ ಹೋಯಿತು.

"ಸದ್ದೇ ಇಲ್ಲದ್ದು ಯಾವ ಸೀಮೆ ಚಪ್ಪಾಳೆಯೋ?"

"ಹೋದ ಹುಣ್ಣಿಮೆ ಹಬ್ಬದಲ್ಲಿ ಪೇಯ್‌ರೊಂಗ್ ಗಲ್ಲಿ ಮಕ್ಕಳಿಗೆಲ್ಲ ಕಲಿಸಿಕೊಟ್ಟಿದ್ಳಲ್ಲ" ಅಂದರು ಲಾನ್ ಅತ್ತೆ. "ನೀನೂ ಅಲ್ಲೇ ಇದ್ದೆ. ಮಾಂಸ ಸುಡ್ತಾ ಇದ್ದೆ."

"ಆಯ್ತು, ಚಪ್ಪಾಳೆಯೇ ಅಂತ ಇಟ್ಕೊಳ್ಳಿ!" ನನಗೆ ಬ್ರಹ್ಮಾಸ್ತ್ರ ಸಿಕ್ಕಿತ್ತು. "ಆದ್ರೆ ಯಾರಿಗೆ? ಎರಡನೇ ನಂಬರಿಗಾ? ಅಲ್ಲ! ಅಜ್ಜ ಹೊಡೆದಿದ್ದು ನನ್ನ ಹೆಂಡ್ತಿಗೆ! ಅಷ್ಟು ಚೆನ್ನಾಗಿ ಹೇಳಿದ್ದಕ್ಕೆ! ಪಣ ನಾನೇ ಗೆದ್ದೆ!"

ಸುಂಗ್‌ನ ಇಕ್ಕಳ ಕೆಳಗಿಳಿಯಿತು. ಗೆದ್ದೆ ಎಂದು ನಾನು ಎದೆಯುಬ್ಬಿಸುವಷ್ಟರಲ್ಲಿ ಲಾನ್ ಅತ್ತೆ ಮೆಲ್ಲಗೆ ಕೇಳಿದರು.

"ಹೌದಾ? ಮತ್ತೆ ನೀನ್ಯಾಕೋ ಹೊಡೀಲಿಲ್ಲ?"

ಎರಡೂವರೆ ಗಂಟೆಯ ಚರ್ಚೆಯ ಬಹುಪಾಲು ನನ್ನ ಭಾರ ಹೊತ್ತ ಕೈಗಳು ಜೋಮು ಹಿಡಿದು ಮರದ ಕೊರಡಾಗಿದ್ದವು. ಹೊಡೆಯೋಣವೆಂದರೂ ಏಳುವಂತಿರಲಿಲ್ಲ. ದೊಡ್ಡ ದೊಡ್ಡ ಪ್ರಶ್ನೆಗಳಿಗೆ ಅಭ್ಯರ್ಥಿಗಳು ಹೇಗೆ ನುಣುಚಿಕೊಳ್ಳುತ್ತಾರೆಂದು ಅಷ್ಟು ಹೊತ್ತು ನೋಡಿದ್ದೆನಲ್ಲ, ಒಂದೂ ನೆನಪಿಗೆ ಬರಲಿಲ್ಲ.

"ಸುಂಗ್," ಅಂದೆ, "ಎಣ್ಣೆ ಕಾಯಿಸು."

ಆರು ಗಂಟೆ ಹೊತ್ತಿಗೆ ಜಿಟಿಜಿಟಿ ಮಳೆಯಲ್ಲಿ ಸಾಲು ಗಲ್ಲಿ ದಾಟಿ ದೊಡ್ಡ ರಸ್ತೆ ಮುಟ್ಟಿತ್ತು. ತಲೆ ಮೇಲೆ ಎರಡನೇ ನಂಬರಿನ ಟೋಪಿ ಇಟ್ಟುಕೊಂಡು ನಾನು ಬಿಸಿ ಬಿಸಿ ಪೊಟ್ಟಣ ಹಂಚುತ್ತಿದ್ದೆ. ಪೇಯ್‌ರೊಂಗ್ ರೈಲಿಳಿದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ತಾಂಗ್ ಅಜ್ಜ ಅವಳನ್ನು ತಡೆದು ವರದಿ ಒಪ್ಪಿಸತೊಡಗಿದರು. ನನ್ನ ಕಣ್ಣೆದುರೇ ನನ್ನ ದೋಷಾರೋಪ ಪಟ್ಟಿ! ಇಗೋ, ಗಾಳಿಯಲ್ಲಿ ದುಂಡನೆಯ ಸ್ಟಿಕ್ಕರು. ಇಗೋ, ಅಂಟಿತು. ಇಗೋ, ಚಪ್ಪಲಿ ಹಾರಿತು. ಕೊನೆಗೆ ಅಜ್ಜ ಎರಡೂ ಕೈಗಳನ್ನು ಕುಂಡೆಯ ಕೆಳಗೆ ತುರುಕಿ, ಮುಖ ಊದಿಸಿ ತೋರಿಸಿದರು. ನಾನೇ!

ಅವಳ ಮುಖದ ಮೇಲೆ ಅದೇ ಮತಗಟ್ಟೆಯ ಪರದೆ. ಬಂದು ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಕೈ ಚಾಚಿದಳು.

ಪೊಟ್ಟಣ ಕೊಟ್ಟೆ. ಎಣ್ಣೆಗೈಗಳನ್ನೇ ಮೇಲೆತ್ತಿ, ಅಜ್ಜ ಮಾಡಿದ ಹಾಗೆ ಅಲ್ಲಾಡಿಸಿದೆ. ಒಂದು ಕೈಯಲ್ಲಿದ್ದ ಖಾರದಪುಡಿ ಡಬ್ಬಿಯೂ ಅಲ್ಲಾಡಿತು. ಸಾಲಿನಲ್ಲಿದ್ದವರೆಲ್ಲ ಸೀನಿದರು.

"ಸಾಕು, ಇಳಿಸು" ಅಂದಳು. ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಮೇಲೆ ಹೋದ ಹಾಗಿತ್ತು.

ನನಗೆ ಧೈರ್ಯ ಬಂತು.

"ಒಂದನೇ ನಂಬರು ನಿಂಗೆ ಸಿಕ್ಕಿಲ್ಲ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಸರಿ, ಈಗ ಕೇಳ್ತೀನಿ. ಇವತ್ತಾದ್ರೂ ನಿಜ ಹೇಳಿಬಿಡು ಪೇಯ್‌ರೊಂಗ್. ನಿನ್ನ ವೋಟು ಯಾರಿಗೆ?"

ಪೊಟ್ಟಣವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಬಿಡುವು ಮಾಡಿಕೊಂಡು, ಅವಳು ಉತ್ತರ ಕೊಟ್ಟಳು. ಉದ್ದನೆಯ, ವಿವರವಾದ, ಕಾರಣಸಹಿತ ಉತ್ತರ. ಕೈಸನ್ನೆಯಲ್ಲಿ! ಊಟಕ್ಕೆ ಬಾ ಅದರಲ್ಲಿ ಇರಲಿಲ್ಲ. ಸಾಕು ನಿಲ್ಲಿಸು ಮೂರು ಸಲ ಇತ್ತು. ತಾಂಗ್ ಅಜ್ಜ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಕೋಳಿ ನೆಲಕ್ಕೆ ಬಿತ್ತು.

"ಏನಂದೆ? ಲೇ, ಏನಂದೆ? ನಂಗೂ ಸ್ವಲ್ಪ ಬಿಡಿಸಿ ಹೇಳೇ!"

ಪೇಯ್‌ರೊಂಗ್ ಪೊಟ್ಟಣ ಬಿಚ್ಚಿ, ಕೋಳಿಯನ್ನು ಒಂದು ತುತ್ತು ಕಚ್ಚಿ, ನಿಧಾನವಾಗಿ ಅಗಿದು ನುಂಗಿದಳು.

"ನನ್ನ ಪಾಳಿ ನಾಲ್ಕೂವರೆಗೇ ಮುಗೀತು."