ಹನ್ನೆರಡು ನಿಮಿಷದೊಳಗೆ ಮದುವೆ

ಮನುಷ್ಯರೆಲ್ಲರೂ ಸಮಾನರೆಂದು ಅಮೆರಿಕದ ಫಾಸ್ಟರ್ ಸಿಟಿಯ ಲಗೂನ್ ಕನ್ನಡ ಬಳಗದ ಕಾರ್ಯಕಾರಿ ಸಮಿತಿಯು ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಒಂಬತ್ತಕ್ಕೆ ಒಂಬತ್ತು ಮತಗಳಿಂದ ತೀರ್ಮಾನಿಸಿತು. ಇಷ್ಟು ದೊಡ್ಡ ವಿಷಯ ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಎಲ್ಲರಿಗೂ ಸಂತೋಷವಾಗಿ ಒಂದು ಸುತ್ತು ಕಾಫಿ ಆಯಿತು. ಹನ್ನೊಂದೂಕಾಲಿಗೆ ಸಭಾಂಗಣದ ಬುಕಿಂಗ್ ಅರ್ಜಿಯೊಂದು ಮೇಜಿಗೆ ಬಂತು. ತೊಂದರೆ ಶುರುವಾದದ್ದು ಅಲ್ಲಿಂದ.

ಅರ್ಜಿ ತಂದವಳು ಬಳಗದ ಕಾರ್ಯದರ್ಶಿ ಭುವನೇಶ್ವರಿ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಅವಳೂ ರೊಜಾಲಿಯಾಳೂ ಅಕ್ಕಪಕ್ಕ ಕೂತು ಕೆಲಸ ಮಾಡುವವರು. ರೊಜಾಲಿಯಾ ಸ್ಲೊವಾಕಿಯಾದಿಂದ ಬಂದ ರೋಮಾ ಹೆಂಗಸು. ರೋಮಾ ಎಂದರೆ ಸಾವಿರ ವರ್ಷದ ಹಿಂದೆ ಭಾರತ ಬಿಟ್ಟು ಯುರೋಪಿಗೆ ಹೋದ ಜನ. ಹೋದ ಕಡೆಯವರೆಲ್ಲ ಇವರನ್ನು ಕಂಡೊಡನೆ ಬಾಗಿಲಿಗೆ ಚಿಲಕ ಹಾಕಿಕೊಂಡು, ಆಮೇಲೆ ಒಳಗೆ ಕೂತು, ಈ ಜನಕ್ಕೆ ಒಂದು ಕಡೆ ನೆಲೆ ನಿಲ್ಲುವ ಬುದ್ಧಿಯೇ ಇಲ್ಲ ಎಂದು ಪುಸ್ತಕ ಬರೆದರು.

ರೊಜಾಲಿಯಾಳ ಮಗಳು ಮಿರೆಲಾಳ ಮದುವೆ ಏಪ್ರಿಲ್ ಎರಡನೇ ಶನಿವಾರಕ್ಕೆ ಗೊತ್ತಾಗಿತ್ತು. ಮೂರು ಕಡೆ ಹಾಲ್ ಸಿಕ್ಕಿತ್ತು. ಮದುವೆ ರೋಮಾ ಜನರದೆಂದು ತಿಳಿದ ಮರುದಿನವೇ ಮೂರೂ ಕಡೆ ನೀರಿನ ಪೈಪು ಒಡೆದು ಬುಕಿಂಗ್ ರದ್ದಾಯಿತು.

“ನಾವು ಕಾಲಿಡುವ ಮೊದಲೇ ಪೈಪು ಒಡೆಯುತ್ತದೆ. ಇದು ನಮ್ಮ ವಂಶವಾಹಿನಿಯಲ್ಲೇ ಇದೆ. ಯಾವ ಜೀನು ಅಂತ ಹುಡುಕುತ್ತಿದ್ದೇನೆ,” ಎಂದು ರೊಜಾಲಿಯಾ ಲ್ಯಾಬಿನಲ್ಲಿ ಬಿದ್ದು ಬಿದ್ದು ನಕ್ಕಳು. ನಕ್ಕವಳ ಕಣ್ಣಲ್ಲಿ ನಗುವಿಲ್ಲದ್ದನ್ನು ಭುವನೇಶ್ವರಿ ಕಂಡಳು. ನಮ್ಮ ಬಳಗದ ಹಾಲ್ ಇದೆ, ನಾನು ಕೊಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು.

ಮಾತು ಕೊಡಲು ಇನ್ನೊಂದು ಕಾರಣವೂ ಇತ್ತು. ‘ನಿಮ್ದು ಯಾವ ಕಡೆ?’ ಎಂದು ಬಳಗದಲ್ಲಿ ಹನ್ನೊಂದು ವರ್ಷಗಳಿಂದ ಕೇಳಿದವರಿಗೆಲ್ಲ ಅವಳು ‘ಗದಗ ಕಡೆ’ ಎನ್ನುತ್ತ ಬಂದಿದ್ದಳು. ಸುಳ್ಳೇನಲ್ಲ. ಅವಳ ಅಜ್ಜ ಸಿದ್ಧಾರೂಢ ಹಗ್ಗದ ಮೇಲೆ ನಡೆದು ಆಟ ತೋರಿಸುತ್ತಿದ್ದ ದೊಂಬರವನು. ಗದಗಿನೊಳಗೆ ಅವನಿಗೆ ಜಾಗವಿದ್ದದ್ದು ಆಟ ಮುಗಿಯುವ ತನಕ. ಉಳಿದ ಹೊತ್ತು ಅವನ ಡೇರೆ ಊರ ಹೊರಗೆ. ಅಮೆರಿಕಕ್ಕೆ ಬಂದ ಮೇಲೆ ಇದನ್ನು ಅವಳು ಹೇಳಿದ್ದು ರೊಜಾಲಿಯಾಗೆ ಮಾತ್ರ.

ಬಳಗದ ಅಧ್ಯಕ್ಷರಾದ ಮಂಡ್ಯ ಕಡೆಯ ನಂಜುಂಡಸ್ವಾಮಿಯವರು ಅರ್ಜಿಯನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

“ಭುವನೇಶ್ವರಿ ಅವ್ರೆ, ನಮ್ಗೇನೂ ಅಬ್ಜೆಕ್ಷನ್ ಇಲ್ಲ. ಈಗ ತಾನೆ ಎಲ್ಲಾರೂ ಸಮಾನ ಅಂತ ಪಾಸ್ ಮಾಡಿದೀವಿ. ಆದ್ರೆ ‘ಸ್ವಂತ ಊರು’ ಅನ್ನೋ ಕಾಲಂ ಖಾಲಿ ಬಿಟ್ಟವ್ರಲ್ಲ?”

“ಅವ್ರಿಗೆ ಹಂಗ ಒಂದು ಊರಂತ ಇಲ್ರೀ ಸರ್. ಯಾರೂ ಇರಾಕ ಬಿಟ್ಟಿಲ್ಲ.”

“ಊರಿಲ್ದೆ ಮನುಷ್ಯ ಹೆಂಗಿರ್ತಾನೆ? ನಾನು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಆಯ್ತು. ಸಿಟಿಜನ್ ಆದೆ, ಮನೆ ತಗೊಂಡೆ. ಈಗ್ಲೂ ನಂದು ಮಂಡ್ಯನೇ. ಪ್ರೀತಿ ಬೇರೆ, ಪ್ರೊಸೀಜರು ಬೇರೆ.”

ಸಾಂಸ್ಕೃತಿಕ ಕಾರ್ಯದರ್ಶಿ ಬಿಂದುಶ್ರೀ ಅಷ್ಟರಲ್ಲಿ ಫೋನು ನೋಡಿ, “ಅಯ್ಯೋ ಸರ್, ಇವ್ರು ಇಂಡಿಯಾದವ್ರಂತೆ! ಥೌಸಂಡ್ ಇಯರ್ಸ್ ಬ್ಯಾಕ್ ಬಂದಿದಾರೆ,” ಎಂದಳು. ಸಮಿತಿ ರೋಮಾಂಚನಗೊಂಡಿತು. ಕೂಡಲೇ ಪ್ರಕಟಣೆ ಹೊರಟಿತು:

“ರೋಮಾ ಬಾಂಧವರು ಜಗತ್ತಿನ ಅತ್ಯಂತ ಹಿರಿಯ ಅನಿವಾಸಿ ಭಾರತೀಯರೆಂದು ಬಳಗವು ಹೆಮ್ಮೆಯಿಂದ ಗುರುತಿಸುತ್ತದೆ. ಆದಕಾರಣ ಅರ್ಜಿದಾರರು ತಮ್ಮ ಪೂರ್ವಜರು ಹೊರಟ ಗ್ರಾಮ, ಹೋಬಳಿ, ತಾಲ್ಲೂಕುಗಳ ವಿವರವನ್ನೂ, ಹೊರಡುವಾಗ ಅವರ ಮೇಲೆ ಯಾವುದೇ ತಕರಾರು ಇರಲಿಲ್ಲವೆಂದು ಅಂದಿನ ಗ್ರಾಮ ಲೆಕ್ಕಿಗರು ನೀಡಿದ ಪತ್ರವನ್ನೂ ಲಗತ್ತಿಸತಕ್ಕದ್ದು. ಪತ್ರವು ಸಾವಿರ ವರ್ಷ ಹಳೆಯದಾಗಿರುವುದರಿಂದ ಜೆರಾಕ್ಸ್ ಪ್ರತಿ ಸಾಕು.”

ಜೆರಾಕ್ಸ್ ಸಾಕೆಂದದ್ದು ಅಧ್ಯಕ್ಷರ ಸ್ವಂತ ಸಲಹೆ. ಅವರ ಔದಾರ್ಯಕ್ಕೆ ಸಭೆ ತಲೆದೂಗಿತು.

ರೊಜಾಲಿಯಾ ಅರ್ಜಿಯನ್ನು ಮತ್ತೆ ತುಂಬಿ ಕಳಿಸಿದಳು. ಹೊರಟ ಊರು: ನಿಮ್ಮೆಲ್ಲರ ಅಕ್ಕಪಕ್ಕ. ಹೊರಟ ಕಾರಣ: ನಿಮಗೇ ಗೊತ್ತಿರಬೇಕು. ಸಮಿತಿ ಇದನ್ನು ಎರಡು ಸಲ ಓದಿ, ‘ವಿವರ ಅಪೂರ್ಣ’ ಎಂದು ಬರೆದು ವಾಪಸ್ಸು ಮಾಡಿತು.

ಮದುವೆಗೆ ಎರಡೇ ವಾರ ಉಳಿದಿತ್ತು. ಮಿರೆಲಾ ಆಮಂತ್ರಣ ಪತ್ರಿಕೆಯಲ್ಲಿ ಸ್ಥಳದ ಜಾಗ ಖಾಲಿ ಬಿಟ್ಟು ಮುದ್ರಿಸಿದ್ದಳು. ಭುವನೇಶ್ವರಿಗೆ ಊಟ ಸೇರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಬಿಂದುಶ್ರೀ ಹೊಸ ಸಂಗತಿ ಪತ್ತೆ ಮಾಡಿದಳು: ಏಪ್ರಿಲ್ ಎಂಟು ಅಂತಾರಾಷ್ಟ್ರೀಯ ರೋಮಾ ದಿನ. ಸಮಾನತೆಯ ನಿರ್ಣಯ ಪಾಸು ಮಾಡಿದ ಬಳಗ ಸುಮ್ಮನೆ ಕೂರುವುದುಂಟೆ? ಆ ವಾರದ ಶನಿವಾರವೇ, ಅದೇ ಹಾಲಿನಲ್ಲಿ, ‘ರೋಮಾ ಸಂಭ್ರಮ’ ಎಂದು ತೀರ್ಮಾನವಾಯಿತು. ರೋಮಾ ವೇಷಭೂಷಣ ಸ್ಪರ್ಧೆ, ರೋಮಾ ರಸಪ್ರಶ್ನೆ, ನಡುವೆ ಮಕ್ಕಳ ಕೋಲಾಟ. ಹೀಗೆ ರೋಮಾ ಜನರ ಮದುವೆಗೆ ಸಿಗದ ಹಾಲ್ ರೋಮಾ ಜನರ ಗೌರವಾರ್ಥ ಭರ್ತಿಯಾಯಿತು.

ಭುವನೇಶ್ವರಿ ಆ ದಿನ ಬಳಗದ ನಿಯಮಾವಳಿಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದಳು. ಇಪ್ಪತ್ತೆರಡನೇ ನಿಯಮದ ಹತ್ತಿರ ಅವಳ ಬೆರಳು ನಿಂತಿತು. ವೇದಿಕೆಯ ಮೇಲೆ ಐಟಂ ಕೊಡುವವರಿಗೆ ಸ್ವಂತ ಊರು ಬೇಕಾಗಿಲ್ಲ. ಐಟಂ ಹನ್ನೆರಡು ನಿಮಿಷ ಮೀರಬಾರದು, ಸಂಗೀತವನ್ನು ಪೆನ್ ಡ್ರೈವಿನಲ್ಲಿ ತರಬೇಕು, ಅಷ್ಟೆ.

“ಬಿಂದು, ಒಂದು ರೋಮಾ ಮದುವಿ ಐಟಂ ಹಾಕೋಣೇನ? ಖರೇ ಮಂದಿನ್ನ ಕರಸ್ತೀನಿ.”

“ವಾವ್, ಲೈವ್ ಡೆಮೊ! ಸೂಪರ್ ಕಣ್ರೀ! ಆದ್ರೆ ಟೈಮಿಗೆ ಮುಗಿಸ್ಬೇಕು ಆಯ್ತಾ? ಆಮೇಲೆ ಅಂತ್ಯಾಕ್ಷರಿ ಇದೆ.”

ಸುದ್ದಿ ಕೇಳಿ ರೊಜಾಲಿಯಾ ಲ್ಯಾಬಿನ ಸ್ಟೂಲು ಹಿಡಿದುಕೊಂಡು ನಕ್ಕಳು. “ಹನ್ನೆರಡು ನಿಮಿಷ ಧಾರಾಳವಾಯಿತು. ನನ್ನ ಮದುವೆ ನಾಲ್ಕೇ ನಿಮಿಷದಲ್ಲಿ ಮುಗಿದಿತ್ತು, ಪೊಲೀಸರು ಬಂದಿದ್ದರು,” ಎಂದಳು.

ಶನಿವಾರ ಐಟಂ ನಂಬರ್ ಏಳಾಗಿ ಮಿರೆಲಾಳ ಮದುವೆ ನಡೆಯಿತು. ವಧುವಿನ ಸೋದರಮಾವ ಪಿಟೀಲು ನುಡಿಸಿದ. ನಿಯಮಕ್ಕೆ ಚ್ಯುತಿ ಬಾರದಂತೆ ಅವನ ಕೊರಳಿಗೆ ಒಂದು ಖಾಲಿ ಪೆನ್ ಡ್ರೈವ್ ಕಟ್ಟಲಾಗಿತ್ತು. ಸಮಯಪಾಲಕರಾಗಿ ಖುದ್ದು ಅಧ್ಯಕ್ಷರೇ ಪೂಜೆಯ ಗಂಟೆ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ಮಿರೆಲಾ ‘ಒಪ್ಪಿದೆ’ ಎನ್ನುವ ಹೊತ್ತಿಗೆ ಸರಿಯಾಗಿ ಹತ್ತನೇ ನಿಮಿಷದ ಎಚ್ಚರಿಕೆಯ ಗಂಟೆ ಮೊಳಗಿತು. ಅದು ಮುಹೂರ್ತದ ಗಂಟೆಯೆಂದು ತಿಳಿದು ಮಕ್ಕಳ ಮನೆಗೆ ಬಂದಿದ್ದ ಹಾಸನ ಕಡೆಯ ಅಜ್ಜಿಯರೆಲ್ಲ ಎದ್ದು ಅಕ್ಷತೆ ಹಾಕಿದರು. ಪಿಟೀಲು ಜೋರಾಯಿತು. ಕೋಲಾಟದ ಮಕ್ಕಳು ಕೋಲು ಸಮೇತ ವೇದಿಕೆ ಹತ್ತಿದರು, ಹಿಂದೆಯೇ ಅಪ್ಪಅಮ್ಮಂದಿರು ಹತ್ತಿದರು. ನಂಜುಂಡಸ್ವಾಮಿಯವರು ಇಳಿಸಲು ಹೋಗಿ ತಾವೇ ಕುಣಿಯತೊಡಗಿದರು. ಕೈಯಲ್ಲಿದ್ದ ಗಂಟೆ ಹೆಜ್ಜೆಗೊಮ್ಮೆ ಮೊಳಗುತ್ತಿದ್ದುದರಿಂದ ಹನ್ನೆರಡು ನಿಮಿಷ ಯಾವಾಗ ಮುಗಿಯಿತೆಂದು ಯಾರಿಗೂ ತಿಳಿಯಲಿಲ್ಲ. ಭುವನೇಶ್ವರಿಗೆ ಅಷ್ಟು ಸಂತೋಷ ಆ ಹಾಲಿನಲ್ಲಿ ಎಂದೂ ಆಗಿರಲಿಲ್ಲ.

ಕೊನೆಗೆ ವೇಷಭೂಷಣ ಸ್ಪರ್ಧೆಯ ಫಲಿತಾಂಶ ಪ್ರಕಟವಾಯಿತು. ಪ್ರಥಮ ಬಹುಮಾನ ಬಿಂದುಶ್ರೀಯ ಮಗಳು ಕಾವ್ಯಾಗೆ. ತಲೆಗೆ ವಸ್ತ್ರ ಕಟ್ಟಿ, ಮೀನು ಸಾಕುವ ಗಾಜಿನ ಬೋಗುಣಿಯನ್ನು ಬೋರಲು ಮಾಡಿ ಮುಂದಿಟ್ಟುಕೊಂಡು ಅವಳು ತೀರ್ಪುಗಾರರಿಗೆ ಭವಿಷ್ಯ ಹೇಳಿದ್ದಳು. ಮದುವೆಯ ಉಡುಪಿನಲ್ಲಿದ್ದ ಮಿರೆಲಾಳನ್ನೂ ಸ್ಪರ್ಧಿಯೆಂದೇ ಎಣಿಸಿ ಸಮಾಧಾನಕರ ಬಹುಮಾನ ಕೊಟ್ಟರು. ‘ವೇಷ ಸಹಜವಾಗಿಲ್ಲ. ರೋಮಾ ಸಂಸ್ಕೃತಿಯ ಬಗ್ಗೆ ಇನ್ನಷ್ಟು ಅಧ್ಯಯನ ಅಗತ್ಯ’ ಎಂದು ತೀರ್ಪುಗಾರರು ಷರಾ ಬರೆದಿದ್ದರು.

“ಪೈಪು ಒಡೆಯಲಿಲ್ಲ,” ಎಂದು ರೊಜಾಲಿಯಾ ಭುವನೇಶ್ವರಿಯನ್ನು ತಬ್ಬಿಕೊಂಡಳು. ಆಮೇಲೆ ಕಿವಿಯಲ್ಲಿ, “ನಿನ್ನ ಅಜ್ಜನ ಹೆಸರು ಇಲ್ಲಿ ಯಾವಾಗ ಹೇಳುತ್ತೀ?” ಎಂದಳು.

ಮುಂದಿನ ಭಾನುವಾರ ಸಮಿತಿ ಸೇರಿತು. ಬಿಂದುಶ್ರೀಯ ಉತ್ಸಾಹ ಇನ್ನೂ ಇಳಿದಿರಲಿಲ್ಲ. “ನೆಕ್ಸ್ಟ್ ಇಯರು ನಮ್ಮ ಕರ್ನಾಟಕದ್ದೇ ಅಲೆಮಾರಿಗಳ ದಿನ ಮಾಡೋಣ ಸರ್. ದೊಂಬರಾಟ ಎಲ್ಲ ಇಡ್ಬೋದು. ಆದ್ರೆ ಲೈವ್ ಡೆಮೊಗೆ ಅಂಥೋರು ಬೇ ಏರಿಯಾದಲ್ಲಿ ಎಲ್ಲಿ ಸಿಗ್ತಾರೆ?”

ಭುವನೇಶ್ವರಿ ಮಾತಾಡಬೇಕೆಂದು ಕೈ ಎತ್ತಿದಳು.

“ನಮ್ಮಲ್ಲಂತೂ ಯಾರೂ ಇಲ್ಲ,” ಎಂದರು ಅಧ್ಯಕ್ಷರು. “ಇಲ್ಲ ಅನ್ನೋರು ಕೈ ಎತ್ತಿ. ಒಂಬತ್ತು. ಸರ್ವಾನುಮತ.”

“ಸರ್, ನಾ ಒಂದು ಮಾತು ಹೇಳೋದಿತ್ರೀ.”

“ಇತರೆ ವಿಷಯದಲ್ಲಿ ಹೇಳಿ.”

ಅವಳು ಕೈ ಇಳಿಸಲಿಲ್ಲ. ಮುಂದಿನ ವಿಷಯ ಬಳಗ ತಡವಾಗಿ ಆಚರಿಸುವ ಯುಗಾದಿಯ ಊಟದ್ದು. ಆ ಕೈಯ ಬಲದಿಂದ ಬಿಸಿಬೇಳೆ ಬಾತ್ ಪುಳಿಯೋಗರೆಯನ್ನು ಐದಕ್ಕೆ ನಾಲ್ಕರಿಂದ ಸೋಲಿಸಿತು. ಕೊನೆಗೆ ‘ಇತರೆ ವಿಷಯ’ ಬಂತು.

“ನಮ್ಮಜ್ಜ ದೊಂಬರವ ಇದ್ದರೀ. ನಾನೂ ಅದ ಮಂದಿ. ಇಲ್ಲೇ ಅದೀನಿ.”

ನಂಜುಂಡಸ್ವಾಮಿಯವರು ನಡಾವಳಿಯ ಪುಸ್ತಕ ತಿರುವಿದರು.

“ಅದು ಹೆಂಗಾಗುತ್ತೆ ಭುವನೇಶ್ವರಿ ಅವ್ರೆ? ಯಾರೂ ಇಲ್ಲ ಅಂತ ಆಗ್ಲೇ ಪಾಸಾಗಿದೆ. ನೀವೂ ವೋಟ್ ಹಾಕಿದೀರ.” ಅವಳ ಮುಖ ನೋಡಿ ಅವರಿಗೆ ಪಾಪ ಎನಿಸಿತು. “ಬೇಕಾದ್ರೆ ಒಂದ್ ಕೆಲ್ಸ ಮಾಡಿ. ನಿಮ್ಮೂರಿನ ಗ್ರಾಮ ಲೆಕ್ಕಿಗರ ಹತ್ರ ಪತ್ರ ತರ್ಸಿ, ನೆಕ್ಸ್ಟ್ ಮೀಟಿಂಗಲ್ಲಿ ಇಡೋಣ. ಜೆರಾಕ್ಸ್ ಸಾಕು.”

ಸಭೆ ಚಪ್ಪಾಳೆ ತಟ್ಟಿತು. ಭುವನೇಶ್ವರಿಗೆ ಎಲ್ಲಿತ್ತೋ ನಗು, ಮೇಜು ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಅವಳು ನಕ್ಕದ್ದು ನೋಡಿ ಉಳಿದ ಎಂಟೂ ಜನ ಮನಸಾರೆ ನಕ್ಕರು. ‘ಸಭೆಯು ಸೌಹಾರ್ದಯುತ ನಗುವಿನೊಂದಿಗೆ ಮುಕ್ತಾಯವಾಯಿತು’ ಎಂದು ನಡಾವಳಿಯಲ್ಲಿ ದಾಖಲಾಗಿದೆ. ಕೆಳಗೆ ಕಾರ್ಯದರ್ಶಿಯ ಸಹಿ ಇದೆ.